‘ತೊಂದರೆಯಿಲ್ಲ’ ಎಂದು ನಾನು ಬರೆದುಕೊಟ್ಟ ಚೀಟಿ

ಕಳೆದ ಡಿಸೆಂಬರ್‌ನಲ್ಲಿ ಬೀದರ್ ಹೊರವಲಯದ ಒಂದು ಮನೆಯ ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸಿ, ‘ಕಬ್ಬಿಣ 0.2, ತೊಂದರೆಯಿಲ್ಲ’ ಎಂದು ಚೀಟಿ ಬರೆದುಕೊಟ್ಟೆ. ಆ ಚೀಟಿ ತಪ್ಪಾಗಿತ್ತು. ತಪ್ಪು ಪ್ರಯೋಗಾಲಯದವರದಲ್ಲ, ನನ್ನದು. ಪಂಪ್ ಮತ್ತು ಫಿಲ್ಟರ್ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದ ಮೇಲೂ ನೀರಿನ ಮಾದರಿಯನ್ನು ಹೇಗೆ ಹಿಡಿಯಬೇಕು ಎಂಬುದನ್ನು ನಾನು ಸರಿಯಾಗಿ ಕಲಿತಿರಲಿಲ್ಲ.

ಮನೆ ನಿವೃತ್ತ ಮಾಸ್ತರರದು. ಅವರ ಪತ್ನಿಗೆ ಮೊಣಕಾಲು ನೋವು. ಬಿಸಿನೀರಿನಲ್ಲಿ ಕುಳಿತರೆ ತಾಯಿಗೆ ಹಾಯೆನಿಸುತ್ತದೆ ಎಂದು ಹೈದರಾಬಾದಿನಲ್ಲಿರುವ ಮಗ ನಾಲ್ಕು ಜನ ಕೂರುವಂಥ ಹಾಟ್ ಟಬ್ ಕಳುಹಿಸಿದ್ದರು. ಅಕ್ರಿಲಿಕ್ ತೊಟ್ಟಿ, ಒಳಗೆ ಹೀಟರ್, ಸುತ್ತ ಜೆಟ್‌ಗಳು. 1200 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಜೋಡಿಸಿ, ನೀರು ತುಂಬಿಸಿ, ಹದಕ್ಕೆ ತರುವ ಕೆಲಸ ನನ್ನದು.

ಮಾದರಿ ತೆಗೆಯಲು ಹೋದ ದಿನ ಕೊಳವೆಬಾವಿಯ ನೀರು ಗಾಜಿನಂತೆ ತಿಳಿಯಾಗಿತ್ತು. ಟಿಡಿಎಸ್ ಮೀಟರ್ 420 ತೋರಿಸಿತು, ಪಿಎಚ್ 7.1 ಇತ್ತು. ತೊಳೆದ ತಂಪು ಪಾನೀಯದ ಬಾಟಲಿಯಲ್ಲಿ ಅರ್ಧದಷ್ಟು ನೀರು ಹಿಡಿದು ಬೈಕಿನ ಪೆಟ್ಟಿಗೆಯಲ್ಲಿ ಇಟ್ಟೆ. ನಡುವೆ ಬೇರೆ ಕೆಲಸಗಳು ಬಂದವು. ಬಾಟಲಿ ಪ್ರಯೋಗಾಲಯ ತಲುಪಿದ್ದು ಮೂರನೆಯ ದಿನ.

ಟಬ್ ತುಂಬಿಸಿದ್ದು ಒಂದು ಭಾನುವಾರ. ಮೊಮ್ಮಕ್ಕಳು ಸುತ್ತ ನಿಂತಿದ್ದರು. ನೀರು 38 ಡಿಗ್ರಿಗೆ ಬಂದ ಮೇಲೆ ಲೀಟರಿಗೆ 3 ಮಿಲಿಗ್ರಾಂ ಲೆಕ್ಕದಲ್ಲಿ ಕ್ಲೋರಿನ್ ಹಾಕಿ ಜೆಟ್ ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ನೀರು ತಿಳಿಹಸಿರಾಯಿತು, ಆಮೇಲೆ ಹಳದಿಗೆ ತಿರುಗಿತು. ಒಂದು ತಾಸಿನೊಳಗೆ ಹಾಲು ಹಾಕದ ಚಹಾದ ಬಣ್ಣ. ಹೊಸ ಬಿಳಿ ತೊಟ್ಟಿಯ ಅಂಚಿನ ಸುತ್ತ ಕಂದು ಗೆರೆ ಕಟ್ಟಿತು. ಮಾಸ್ತರರು ಕೋಪಿಸಿಕೊಳ್ಳಲಿಲ್ಲ. “ತಮ್ಮಾ, ನೀನು ಪರೀಕ್ಷೆ ಮಾಡಿಸಿದ್ದೆಯಲ್ಲ?” ಎಂದಷ್ಟೇ ಕೇಳಿದರು. ಬೈದಿದ್ದರೆ ನನಗೆ ಇದಕ್ಕಿಂತ ಹಗುರವಾಗುತ್ತಿತ್ತು.

ಮರುದಿನ ಪ್ರಯೋಗಾಲಯಕ್ಕೆ ಹೋದೆ. ಅಲ್ಲಿನ ಹಿರಿಯರು ಎತ್ತಿಟ್ಟಿದ್ದ ನನ್ನ ಬಾಟಲಿಯನ್ನೇ ತಂದು ಬೆಳಕಿಗೆ ಹಿಡಿದರು. ತಳದಲ್ಲಿ ಕಿತ್ತಳೆ ಬಣ್ಣದ ಉಂಗುರ, ಗೋಡೆಗೆ ತೆಳುವಾದ ಲೇಪ. “ನೀವು ತಂದ ಕಬ್ಬಿಣ ಇಲ್ಲಿ ಅಂಟಿಕೊಂಡಿದೆ. ನಾವು ಮೇಲಿನ ತಿಳಿನೀರನ್ನು ಅಳೆದೆವು” ಎಂದರು.

ನೆಲದಾಳದಲ್ಲಿ ಗಾಳಿಯ ಸಂಪರ್ಕ ಇಲ್ಲದಿರುವಾಗ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ. ಬಣ್ಣ ಇರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಆಮ್ಲಜನಕವೋ ಕ್ಲೋರಿನ್ನೋ ತಗುಲಿದರೆ ಫೆರಿಕ್ ಆಗಿ, ನೀರಿನಲ್ಲಿ ಕರಗದ ಕಂದು ಕಣಗಳಾಗಿ ಹೊರಬೀಳುತ್ತದೆ. ಅರ್ಧ ಖಾಲಿಯಿದ್ದ ನನ್ನ ಬಾಟಲಿಯಲ್ಲಿ ಮೂರು ದಿನ ನಿಧಾನವಾಗಿ ಆದದ್ದೇ ಟಬ್ಬಿನಲ್ಲಿ ಒಂದು ತಾಸಿನಲ್ಲಿ ಆಯಿತು. ಇದನ್ನು ತಡೆಯಲೆಂದೇ ಕಬ್ಬಿಣದ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿ ಪಿಎಚ್ ಅನ್ನು 2ಕ್ಕಿಂತ ಕೆಳಗೆ ಇಳಿಸಿರುತ್ತಾರೆ. ಆಗ ಕಬ್ಬಿಣ ಕರಗಿದಂತೆಯೇ ಉಳಿಯುತ್ತದೆ. ಟಿಡಿಎಸ್ ಮೀಟರ್ ಇದಕ್ಕೆ ಉಪಯೋಗಕ್ಕೆ ಬಾರದು. ನೀರಿನಲ್ಲಿ ಕರಗಿದ್ದೆಲ್ಲವನ್ನೂ ಅದು ಒಟ್ಟಿಗೆ ಲೆಕ್ಕ ಹಾಕುತ್ತದೆ, 420ರಲ್ಲಿ ನಾಲ್ಕು ಕಬ್ಬಿಣವೋ ಸುಣ್ಣವೋ ಎಂದು ಬಿಡಿಸಿ ಹೇಳುವುದಿಲ್ಲ.

ಈ ಬಾರಿ ಮೋಟರ್ ಅನ್ನು ಹದಿನೈದು ನಿಮಿಷ ಓಡಿಸಿ, ಆಮ್ಲ ಹಾಕಿದ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿಸಿ, ಅದೇ ದಿನ ಕೊಟ್ಟೆ. ಬಂದ ಅಂಕಿ ಲೀಟರಿಗೆ 3.8 ಮಿಲಿಗ್ರಾಂ. 0.3 ದಾಟಿದರೆ ಸಾಕು, ಬಟ್ಟೆ ಮತ್ತು ಪಿಂಗಾಣಿಯ ಮೇಲೆ ಕಲೆ ಬೀಳಲು ಶುರುವಾಗುತ್ತದೆ. 1200 ಲೀಟರಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಗ್ರಾಂ ಕಬ್ಬಿಣ, ಕಂದು ಕೆಸರಾದಾಗ ಸುಮಾರು 9 ಗ್ರಾಂ.

ಅಮ್ಮನವರಿಗೆ ಚರ್ಮದ ಭಯ. ಈ ಪ್ರಮಾಣದ ಕಬ್ಬಿಣ ಮೈಗೆ ತಗುಲಿದರೆ ಏನೂ ಆಗುವುದಿಲ್ಲ ಎಂದು ಹೇಳಿದೆ. ನನ್ನ ನಿಜವಾದ ಭಯ ಬೇರೆಯಾಗಿತ್ತು. ಒಂದು ಮಿಲಿಗ್ರಾಂ ಕಬ್ಬಿಣ 0.63 ಮಿಲಿಗ್ರಾಂ ಕ್ಲೋರಿನ್ ತಿನ್ನುತ್ತದೆ. 3.8 ಮಿಲಿಗ್ರಾಂ ಎಂದರೆ 2.4. ನಾನು ಹಾಕಿದ 3ರಲ್ಲಿ ಹೆಚ್ಚಿನದನ್ನು ಕಬ್ಬಿಣವೇ ನುಂಗಿತ್ತು, ರೋಗಾಣು ಕೊಲ್ಲಲು ಉಳಿದದ್ದು ಅತ್ಯಲ್ಪ. 38 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಎಷ್ಟು ಬೇಗ ಬೆಳೆಯುತ್ತದೆ ಎಂದು ನನಗೆ ಗೊತ್ತು. ಅಂಥ ನೀರಿನಲ್ಲಿ ವಯಸ್ಸಾದವರನ್ನು ಕೂರಿಸಲು ಹೊರಟಿದ್ದೆ. ಕಲೆಗಿಂತ ಈ ಲೆಕ್ಕವೇ ನನ್ನ ನಿದ್ದೆ ಕೆಡಿಸಿತು.

ಬೀದರಿನವರು ಇದಕ್ಕೆಲ್ಲ “ನಮ್ಮದು ಕೆಂಪು ಕಲ್ಲಿನ ಊರು” ಎಂದು ಸುಲಭದ ಉತ್ತರ ಕೊಡುತ್ತಾರೆ. ಊರು ಜಂಬಿಟ್ಟಿಗೆಯ ಮೇಲೆ ಕುಳಿತಿರುವುದು ನಿಜ. ಕೋಟೆಯ ಮೂರು ಸಾಲಿನ ಕಂದಕವನ್ನು ಆ ಕಲ್ಲಿನಲ್ಲೇ ಕಡಿದಿದ್ದಾರೆ, ನೌಬಾದಿನ ಸುರಂಗ ಬಾವಿಯೂ (ನೆಲದಡಿಯ ಹಳೆಯ ನೀರುಗಾಲುವೆ) ಅದರೊಳಗೇ ಹರಿಯುತ್ತದೆ. ಆದರೆ ಜಂಬಿಟ್ಟಿಗೆಯ ಕೆಂಪು ಎಂದರೆ ಈಗಾಗಲೇ ತುಕ್ಕು ಹಿಡಿದ ಕಬ್ಬಿಣ, ಅದು ಗಾಳಿಯಾಡುವ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಾಸ್ತರರ ಪಕ್ಕದ ಮನೆಯ ತೆರೆದ ಬಾವಿಯಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ನಾನೇ ಅಳೆದೆ. ಗಾಳಿ ಸೋಕದ ಆಳದ ನೀರಿನಲ್ಲಿ ಮಾತ್ರ ಕಬ್ಬಿಣ ಕರಗಿ ನಿಲ್ಲುತ್ತದೆ. ಕೊಳವೆಬಾವಿಯ ಹಳೆಯ ಕಬ್ಬಿಣದ ಕೇಸಿಂಗ್ ಪೈಪು ಸವೆಯುತ್ತಿದ್ದರೂ ಇದೇ ಅಂಕಿ ಬರಬಹುದು. ಕಲ್ಲಿನ ಬಣ್ಣ ನೋಡಿ ನೀರಿನ ಗುಣ ಹೇಳಬಾರದು ಎಂದು ನಾನು ಅಂದಿನಿಂದ ಎಲ್ಲರ ಹತ್ತಿರವೂ ವಾದಿಸುತ್ತೇನೆ.

ಟಬ್ ಖಾಲಿ ಮಾಡಿದೆವು. ನನ್ನ ಜೊತೆಯ ಹುಡುಗ ಕಲೆ ತೆಗೆಯಲು ಬಾತ್‌ರೂಮ್ ಆಸಿಡ್ ಬಾಟಲಿ ಎತ್ತಿಕೊಂಡ. ಕೈ ಹಿಡಿದು ನಿಲ್ಲಿಸಿದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಜೆಟ್‌ಗಳ ಸ್ಟೀಲನ್ನೂ ಹೀಟರಿನ ಕಾಯಿಲನ್ನೂ ತಿಂದುಹಾಕುತ್ತದೆ, ಹೊಗೆ ಎದೆಗೆ ಕೆಟ್ಟದ್ದು. ಔಷಧಿ ಅಂಗಡಿಯಿಂದ ವಿಟಮಿನ್ ಸಿ ಮಾತ್ರೆ ತರಿಸಿ, ಒದ್ದೆ ಮಾಡಿ ಗೆರೆಯ ಮೇಲೆ ಉಜ್ಜಿದೆ. ಅರ್ಧ ನಿಮಿಷದಲ್ಲಿ ಆ ಜಾಗ ಬೆಳ್ಳಗಾಯಿತು. ಮಾತ್ರೆಗೆ ಕಲೆ ಕರಗಿದರೆ ಅದು ಹೆಚ್ಚಾಗಿ ಕಬ್ಬಿಣದ್ದೇ. ವಿಟಮಿನ್ ಸಿ ಎಂದರೆ ಆಸ್ಕಾರ್ಬಿಕ್ ಆಮ್ಲ, ಅದು ಫೆರಿಕ್ ಅನ್ನು ಮತ್ತೆ ಕರಗುವ ಫೆರಸ್ ಮಾಡುತ್ತದೆ. ಪುಡಿಯನ್ನೇ ತರಿಸಿ ಸ್ಪಂಜಿನಲ್ಲಿ ಇಡೀ ತೊಟ್ಟಿ ಒರೆಸಿ ಚೆನ್ನಾಗಿ ತೊಳೆದೆವು. ತೊಳೆದ ನೀರು ಉಳಿಯಬಾರದು. ಅದರಲ್ಲಿ ಕರಗಿದ ಕಬ್ಬಿಣ ಇರುತ್ತದೆ, ಉಳಿದ ವಿಟಮಿನ್ ಸಿ ಮುಂದೆ ಹಾಕುವ ಕ್ಲೋರಿನ್ ಅನ್ನೂ ಕೊಲ್ಲುತ್ತದೆ.

ಹೊಸ ನೀರನ್ನು ಹೇಗೆ ತರುವುದು? ಟಬ್ಬಿಗೆ ಹಾಕುವ ಮೊದಲು ಹೊರಗೇ ಕಬ್ಬಿಣವನ್ನು ಕೆಡವಬೇಕು ಎಂದು ನಿರ್ಧರಿಸಿದೆ. ಪೈಪಿಗೆ 5 ಮೈಕ್ರಾನ್ ಫಿಲ್ಟರ್ ಸಿಕ್ಕಿಸಿದರೆ ಸಾಲದೇ ಎಂದು ಮಾಸ್ತರರು ಕೇಳಿದರು. ಸಾಲದು. ಕರಗಿದ ಕಬ್ಬಿಣ ಆ ಫಿಲ್ಟರಿನೊಳಗಿಂದ ನೀರಿನಂತೆಯೇ ದಾಟಿಹೋಗುತ್ತದೆ. ಕಣವಾದ ಮೇಲಷ್ಟೇ ಫಿಲ್ಟರಿಗೆ ಸಿಗುವುದು.

500 ಲೀಟರಿನ ಮೂರು ಪ್ಲಾಸ್ಟಿಕ್ ಟ್ಯಾಂಕ್ ಬಾಡಿಗೆಗೆ ತಂದೆವು. ನೀರನ್ನು ಎತ್ತರದಿಂದ ಚಿಮ್ಮಿಸಿ ಗಾಳಿಯಾಡುವಂತೆ ತುಂಬಿದೆವು. ಒಂದೊಂದು ಟ್ಯಾಂಕಿಗೆ ಲೆಕ್ಕದ ಪ್ರಕಾರ ಮೂರೂವರೆ ಗ್ರಾಂ ಬ್ಲೀಚಿಂಗ್ ಪುಡಿ ಸಾಕು. ಆದರೆ ತೆರೆದಿಟ್ಟ ಪುಡಿಯ ಕಸುವು ಇಳಿದಿರುತ್ತದೆಂದು 8 ಗ್ರಾಂ ತೆಗೆದುಕೊಂಡು, ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲಿನ ತಿಳಿಯನ್ನು ಮಾತ್ರ ಹಾಕಿದೆ. ಅರ್ಧ ತಾಸಿನ ನಂತರ 10 ಗ್ರಾಂ ಪಟಿಕವನ್ನು ಕರಗಿಸಿ ಹಾಕಿ, ನಿಧಾನವಾಗಿ ತಿರುವಿ, ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ತಳದಲ್ಲಿ ಕೆಮ್ಮಣ್ಣಿನಂಥ ಪದರ ಕೂತಿತ್ತು. ಮಾಸ್ತರರ ಮೊಮ್ಮಗಳು ಟಾರ್ಚ್ ಹಾಕಿ ನೋಡಿ, “ಕಾಕಾ, ಇದೆಲ್ಲ ನೀರಿನೊಳಗೆ ಎಲ್ಲಿ ಅಡಗಿತ್ತು?” ಎಂದು ಕೇಳಿದಳು. ತಳದಿಂದ ಹತ್ತು ಸೆಂಟಿಮೀಟರ್ ಬಿಟ್ಟು ಮೇಲಿನ ನೀರನ್ನಷ್ಟೇ ಫಿಲ್ಟರ್ ಮೂಲಕ ಟಬ್ಬಿಗೆ ಇಳಿಸಿದೆವು. ಈಗ ಕಬ್ಬಿಣ 0.1ಕ್ಕಿಂತ ಕಡಿಮೆ.

ಆ ಅಲ್ಪಸ್ವಲ್ಪಕ್ಕೂ ಸೀಕ್ವೆಸ್ಟ್ರೆಂಟ್ ಎಂಬ ದ್ರಾವಣ ಹಾಕುತ್ತೇನೆ. ಅದು ಲೋಹವನ್ನು ಹಿಡಿದಿಟ್ಟುಕೊಂಡು ಕಣವಾಗಲು ಬಿಡುವುದಿಲ್ಲ. ಇದರಲ್ಲಿ ಕ್ರಮ ಮುಖ್ಯ. ಮೊದಲು ಆ ದ್ರಾವಣ, ನೀರು ಕೆಲವು ತಾಸು ತಿರುಗಿದ ಮೇಲೆ ಪಿಎಚ್ ಅನ್ನು 7.2ರಿಂದ 7.8ರ ನಡುವೆ ತರುವುದು, ಕ್ಲೋರಿನ್ ಕೊನೆಗೆ. ಕ್ಲೋರಿನ್ ಈ ದ್ರಾವಣವನ್ನೂ ದಿನದಿನಕ್ಕೆ ಒಡೆಯುವುದರಿಂದ ವಾರಕ್ಕೊಮ್ಮೆ ಸ್ವಲ್ಪ ಸೇರಿಸುತ್ತಿರಬೇಕು.

ಜನವರಿಯಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಆವಿಯಾಗಿ ಕಡಿಮೆಯಾದ ನೀರಿನ ಬದಲು ಮನೆಯವರು ವಾರಕ್ಕೆ ಐವತ್ತು ಲೀಟರ್ ಕೊಳವೆಬಾವಿ ನೀರನ್ನು ನೇರವಾಗಿ ಸೇರಿಸುತ್ತಿದ್ದರು. ನೀರು ಆವಿಯಾಗುತ್ತದೆ, ಕಬ್ಬಿಣ ಆಗುವುದಿಲ್ಲ. ಹತ್ತು ವಾರದಲ್ಲಿ ಸುಮಾರು ಎರಡು ಗ್ರಾಂ ಮತ್ತೆ ಒಳಗೆ ಸೇರುತ್ತಿತ್ತು. ಒಂದು ಟ್ಯಾಂಕನ್ನು ಅವರೇ ಕೊಂಡುಕೊಂಡರು. ಈಗ ಸೇರಿಸುವ ನೀರೂ ಅದರಲ್ಲಿ ಒಂದು ರಾತ್ರಿ ಕೂತೇ ಹೋಗುತ್ತದೆ.

ನಾನು ಈಗ ಯಾವ ಮನೆಗೆ ಹೋದರೂ ಮೊದಲು ಬಿಳಿ ಬಕೆಟ್ ಕೇಳುತ್ತೇನೆ. ಮೋಟರ್ ಓಡಿಸಿ ನೀರು ಹಿಡಿದು, ಚಿಟಿಕೆ ಬ್ಲೀಚಿಂಗ್ ಪುಡಿ ಹಾಕಿ ಅರ್ಧ ತಾಸು ಕಾಯುತ್ತೇನೆ. ಬಣ್ಣ ಬದಲಾದರೆ ಪ್ರಯೋಗಾಲಯದ ಅಂಕಿ ಬರುವವರೆಗೆ ಟಬ್ಬಿಗೆ ಒಂದು ಹನಿಯನ್ನೂ ಬಿಡುವುದಿಲ್ಲ. ಬೈಕಿನ ಪೆಟ್ಟಿಗೆಯಲ್ಲಿ ಆಮ್ಲ ಹಾಕಿದ ಎರಡು ಬಾಟಲಿಗಳು ಸದಾ ಇರುತ್ತವೆ.

ಮಾಸ್ತರರ ಮನೆಯಲ್ಲಿ ಕಬ್ಬಿಣ ಬರುತ್ತಿರುವುದು ಬಂಡೆಯಿಂದಲೋ ಕೇಸಿಂಗ್ ಪೈಪಿನಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಂಡೆಯಿಂದ ಆದರೆ ಮ್ಯಾಂಗನೀಸ್ ಡೈಆಕ್ಸೈಡ್ ಮರಳಿನ ದೊಡ್ಡ ಫಿಲ್ಟರನ್ನು ಇಡೀ ಮನೆಗೆ ಕೂರಿಸಬೇಕು, ಪೈಪಿನಿಂದ ಆದರೆ ಪೈಪಿನ ಕೆಲಸ. ಮೋಟರ್ ಮೇಲೆತ್ತಿ ಒಳಗೆ ಕ್ಯಾಮೆರಾ ಇಳಿಸಲು ದಿನ ಗೊತ್ತುಮಾಡಿದ್ದೇವೆ. ಅಮ್ಮನವರು ವಾರಕ್ಕೆ ನಾಲ್ಕು ಸಂಜೆ ಟಬ್ಬಿನಲ್ಲಿ ಕೂರುತ್ತಾರೆ. ಅವರು ಇಳಿಯುವ ಮೊದಲು ಮೊಮ್ಮಗಳು ಪರೀಕ್ಷಾ ಪಟ್ಟಿ ಅದ್ದಿ, ಕ್ಲೋರಿನ್ ಅಂಕಿಯನ್ನು ನನಗೆ ಫೋನಿನಲ್ಲಿ ಹೇಳುತ್ತಾಳೆ.