ಅನಂತನಿಗೆ 14 ಗಂಟು

ಭಾದ್ರಪದ ಶುಕ್ಲ ಚತುರ್ದಶಿಯ ಅನಂತವ್ರತದಲ್ಲಿ ಪೂಜೆಗೊಳ್ಳುವ ದೇವರಿಗೆ ಅಂತವಿಲ್ಲ. ಆದರೆ ಆತನಿಗಾಗಿ ನಾವು ಮಾಡುವುದೆಲ್ಲ ಲೆಕ್ಕದ್ದೇ. ದರ್ಭೆಯಲ್ಲಿ ಮಾಡಿದ ಶೇಷನಿಗೆ ಏಳು ಹೆಡೆ, ಕೆಂಪು ದಾರಕ್ಕೆ 14 ಗಂಟು, ಒಂದೊಂದು ಗಂಟಿಗೂ ಪೂಜೆ, ವ್ರತದ ಅವಧಿ 14 ವರ್ಷ. ಎಣಿಕೆಗೆ ಸಿಗದವನನ್ನು ಇಷ್ಟು ಶ್ರದ್ಧೆಯಿಂದ ಎಣಿಸುತ್ತಾ ಕೂರುವುದು ತಮಾಷೆಯೆಂದು ಕೆಲವರಿಗೆ ಅನ್ನಿಸಬಹುದು. ಈ ಹಬ್ಬದ ಜೀವ ಇರುವುದೇ ಅಲ್ಲಿ ಎಂದು ನನಗೆ ತೋರುತ್ತದೆ.

ಪೂಜೆಯ ಆರಂಭದಲ್ಲಿ ಪುರೋಹಿತರು ಸಂಕಲ್ಪ ಹೇಳಿಸುತ್ತಾರೆ. ಬಹುಪಾಲು ಮಂದಿ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ, ಹೇಳಿಸುವವರಿಗೂ ಅವಸರ. ಆದರೆ ಅಲ್ಲಿ ನಡೆಯುವುದು ಸಣ್ಣ ಸಂಗತಿಯಲ್ಲ. ಮಾತು ಬ್ರಹ್ಮನ ಆಯುಸ್ಸಿನ ಉತ್ತರಾರ್ಧದಿಂದ ಹೊರಡುತ್ತದೆ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಮೊದಲ ಪಾದ ಎಂದು ಇಳಿಯುತ್ತದೆ. ಆಮೇಲೆ ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಕೊನೆಗೆ ಕೈಯಲ್ಲಿ ಅಕ್ಷತೆ ಹಿಡಿದು ಕುಳಿತವನ ಗೋತ್ರ, ನಕ್ಷತ್ರ, ಹೆಸರು. ಪುರಾಣದ ಲೆಕ್ಕದಲ್ಲಿ ಒಂದು ಕಲ್ಪವೆಂದರೆ 432 ಕೋಟಿ ವರ್ಷ. ಅಷ್ಟು ಉದ್ದದ ಕಾಲದಿಂದ ಇವತ್ತಿನ ಬೆಳಗಿಗೆ ಬಂದು ನಿಲ್ಲುವ ಮಾತು ಮುಗಿಯಲು ಒಂದೆರಡು ನಿಮಿಷ ಸಾಕು.

ಇಲ್ಲೊಂದು ಎಚ್ಚರ ಬೇಕು. 432 ಕೋಟಿ ದೊಡ್ಡದು, ಅನಂತವಲ್ಲ. ಬ್ರಹ್ಮನ ಆಯುಸ್ಸಿಗೂ ಅವನದೇ ಅಳತೆಯ ನೂರು ವರ್ಷಗಳ ಮಿತಿಯಿದೆ. ಅನಂತದ ಕಡೆಯಿಂದ ನೋಡಿದರೆ ಬ್ರಹ್ಮನ ಬಾಳೂ ನಮ್ಮ ಬಾಳೂ ಅದರಿಂದ ಅಷ್ಟೇ ದೂರ. ದೊಡ್ಡ ಸಂಖ್ಯೆ ಕೇಳಿ ಕೈಮುಗಿಯುವ ಅಭ್ಯಾಸ ನಮಗಿದೆ. ಬೆರಗಿಗೆ ಅದು ಒಳ್ಳೆಯದೇ, ಭಕ್ತಿಗೆ ಸಾಲದು.

12ನೆಯ ಶತಮಾನದ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ 'ಖಹರ' ಎಂಬ ರಾಶಿಯ ಬಗ್ಗೆ ಬರೆಯುತ್ತಾರೆ. ಸೊನ್ನೆಯಿಂದ ಭಾಗಿಸಿದಾಗ ಬರುವ ರಾಶಿ ಅದು. ಅದಕ್ಕೆ ಎಷ್ಟೇ ಸೇರಿಸಿದರೂ ಎಷ್ಟೇ ತೆಗೆದರೂ ವಿಕಾರವಿಲ್ಲ ಎಂದು ಹೇಳಿ ಅವರು ಕೊಡುವ ಹೋಲಿಕೆ ನೋಡಬೇಕು: ಪ್ರಳಯದಲ್ಲಿ ಜೀವಸಮೂಹ ಒಳಹೊಕ್ಕಾಗ, ಸೃಷ್ಟಿಯಲ್ಲಿ ಹೊರಬಂದಾಗ, ಅನಂತನಾದ ಅಚ್ಯುತನಲ್ಲಿ ಹೇಗೆ ಬದಲಾವಣೆಯಿಲ್ಲವೋ ಹಾಗೆ. ಗಣಿತದ ನಡುವೆ ದೇವರು ಉಪಮಾನವಾಗಿ ಬರುವ ಈ ಜಾಗ ನನಗೆ ಬಲು ಪ್ರಿಯ. ಇದನ್ನೇ ಹಿಡಿದು ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಎದೆತಟ್ಟಿಕೊಳ್ಳುವ ಉಪನ್ಯಾಸಗಳು ಮಾತ್ರ ರುಚಿಸುವುದಿಲ್ಲ. ಸೊನ್ನೆಯಿಂದ ಭಾಗಿಸುವುದನ್ನು ಇಂದಿನ ಸಾಮಾನ್ಯ ಅಂಕಗಣಿತ ಒಪ್ಪುವುದಿಲ್ಲ. ಆ ಶ್ಲೋಕದ ಹಿರಿಮೆಗೆ ನಮ್ಮ ಜಂಬದ ಅಗತ್ಯವೂ ಇಲ್ಲ.

ಆದರೆ ಆ ಶ್ಲೋಕ ಭಕ್ತನನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಸೇರಿಸಿದರೆ ಹೆಚ್ಚದ, ತೆಗೆದರೆ ಕುಗ್ಗದ ದೇವರಿಗೆ ನನ್ನ 14 ಗಂಟು ಏನನ್ನು ಸೇರಿಸಿತು? ಏನನ್ನೂ ಇಲ್ಲ. ಪೂರ್ಣದಿಂದ ಪೂರ್ಣವನ್ನು ತೆಗೆದರೂ ಪೂರ್ಣವೇ ಉಳಿಯುತ್ತದೆ ಎನ್ನುವ ಉಪನಿಷತ್ತಿನ ಶಾಂತಿಮಂತ್ರವನ್ನು ಕೇಳಿದರೂ ಉತ್ತರ ಅದೇ. ಹಾಗಾದರೆ ಪೂಜೆ ಯಾರ ಲೆಕ್ಕಕ್ಕೆ?

ವ್ರತದ ಕಥೆಯ ಕೌಂಡಿನ್ಯನನ್ನು ನೆನೆಯೋಣ. ಹೆಂಡತಿ ಸುಶೀಲೆಯ ತೋಳಿನಲ್ಲಿದ್ದ ದಾರವನ್ನು ಅವನು ಕಿತ್ತು ಬೆಂಕಿಗೆ ಎಸೆದ. ಅವಳು ಓಡಿಹೋಗಿ ಎತ್ತಿ ಹಾಲಿನಲ್ಲಿ ಅದ್ದಿದಳು. ಸಿರಿ ಕರಗಿತು. ತಪ್ಪು ಅರಿವಾದ ಮೇಲೆ ಅವನು ಕಾಡಿಗೆ ನಡೆದು, ಎದುರಾದ ಎಲ್ಲವನ್ನೂ 'ಅನಂತನನ್ನು ಕಂಡಿರಾ?' ಎಂದು ಕೇಳುತ್ತಾ ಹೋದ. ಹಣ್ಣು ತುಂಬಿದ್ದರೂ ಹಕ್ಕಿ ಮುಟ್ಟದ ಮಾವಿನ ಮರ ಸಿಕ್ಕಿತು. ಹಸು, ಎತ್ತು, ಎರಡು ಕೊಳ, ಕತ್ತೆ, ಆನೆ ಸಿಕ್ಕವು. ಯಾರೂ ಕಂಡಿರಲಿಲ್ಲ. ಆ ಮರ ಶಿಷ್ಯರಿಗೆ ವಿದ್ಯೆ ಹೇಳಿಕೊಡದ ಪಂಡಿತ, ಕತ್ತೆ ಕ್ರೋಧ, ಆನೆ ಮದ ಎಂದು ಅವನಿಗೆ ತಿಳಿಯುವುದು ಆಮೇಲೆ. ಹೊರಗೆ ಎಲ್ಲೋ ಒಂದು ಭಾರೀ ವಸ್ತುವಿನಂತೆ ಅನಂತ ನಿಂತಿರುತ್ತಾನೆ, ಕಣ್ಣಿಗೆ ಬಿದ್ದೇ ಬೀಳುತ್ತಾನೆ ಎಂದುಕೊಂಡವನಿಗೆ ಮೊದಲು ಎದುರಾದದ್ದು ಹೆಪ್ಪುಗಟ್ಟಿದ ವಿದ್ಯೆ, ಕೋಪ, ಸೊಕ್ಕು. ಕಥೆ ಕಟ್ಟಿದವರು ಬಲು ಜಾಣರು.

ದಾರ ಕಟ್ಟಿಕೊಳ್ಳುವಾಗ ಹೇಳುವ ಶ್ಲೋಕದಲ್ಲಿ ಸಂಸಾರಸಾಗರವೂ ಅನಂತವೇ, ಅದರಿಂದ ಎತ್ತಬೇಕಾದ ವಾಸುದೇವನೂ ಅನಂತನೇ. ಎರಡೂ ಒಂದೇ ಬಗೆಯವಾಗಿರಲಾರವು. 1874ರಲ್ಲಿ ಗಣಿತಜ್ಞ ಗಿಯೋರ್ಗ್ ಕ್ಯಾಂಟರ್, ಅನಂತಗಳೆಲ್ಲ ಒಂದೇ ಗಾತ್ರದವಲ್ಲವೆಂದು ತೋರಿಸಿದ. ಒಂದು, ಎರಡು, ಮೂರು ಎಂದು ಮುಗಿಯದೆ ಸಾಗುವ ಎಣಿಕೆಯ ಅನಂತಕ್ಕಿಂತ, ಒಂದು ಗೆರೆಯ ಮೇಲಿನ ಬಿಂದುಗಳ ಅನಂತ ದೊಡ್ಡದು. ಆತ ಸಂಸಾರದ ಬಗ್ಗೆ ಹೇಳಲಿಲ್ಲ, ಜೋಡಿಸುತ್ತಿರುವವನು ನಾನು. ಒಂದು ಆಸೆ ತೀರಿದರೆ ಇನ್ನೊಂದು, ಅದು ತೀರಿದರೆ ಮತ್ತೊಂದು. ಇದೂ ಮುಗಿಯದ್ದೇ, ಆದರೆ ಬಡ ಅನಂತ.

ಮನುಷ್ಯ ಕಂಡುಕೊಂಡ ಅತಿ ಬಲಿಷ್ಠ ಪರಿಕಲ್ಪನೆ ಯಾವುದು ಎಂಬ ಪ್ರಶ್ನೆಗೆ ಕೆಲವರು ಸೊನ್ನೆ ಎನ್ನುತ್ತಾರೆ, ಕೆಲವರು ಅನಂತ, ಕೆಲವರು ದೇವರು. ನನ್ನ ಉತ್ತರ ಸಂಕಲ್ಪ. ಅನಂತವನ್ನು ಕುಳಿತಲ್ಲೇ ಚಿಂತಿಸಬಹುದು, ಅದರಿಂದ ಏನೂ ಕಳೆದುಕೊಳ್ಳುವುದಿಲ್ಲ. ಮುಂದಿನ ಭಾದ್ರಪದಕ್ಕೆ ಇರುತ್ತೇನೋ ಇಲ್ಲವೋ ತಿಳಿಯದವನು 14 ಭಾದ್ರಪದಗಳ ಮಾತು ಕೊಡುತ್ತಾನಲ್ಲ, ಅದಕ್ಕೆ ಎದೆ ಬೇಕು. ಕೌಂಡಿನ್ಯನ ಅಲೆದಾಟಕ್ಕೂ ಕೊನೆಗೆ ಫಲ ಕೊಟ್ಟದ್ದು ಹಟ ಹಿಡಿದ ನಿಶ್ಚಯವೇ. ಸೋತು ನೆಲಕ್ಕೆ ಬಿದ್ದಾಗ ಮುದುಕನ ವೇಷದಲ್ಲಿ ಬಂದು ಕೈಹಿಡಿದು ಗುಹೆಯೊಳಗೆ ಕರೆದೊಯ್ದ ಅನಂತ, ಅವನಿಗೆ ಹೇಳಿದ್ದೇನು? 14 ವರ್ಷ ವ್ರತ ಮಾಡು ಎಂದು. ಮಿತಿಯಿಲ್ಲದವನು ಕೊಟ್ಟದ್ದು ಮಿತಿಯುಳ್ಳ ಒಂದು ಕೆಲಸ.

ಭಾಸ್ಕರಾಚಾರ್ಯರ ಶ್ಲೋಕ ಖಹರದ ಬಗ್ಗೆ ಮಾತ್ರ ಹೇಳುತ್ತದೆ; ಅದರೊಳಗೆ ಹೋಗಿ ಸೇರಿದ ಸಣ್ಣ ಸಂಖ್ಯೆಗೆ ಏನಾಯಿತು ಎಂದು ಹೇಳುವುದಿಲ್ಲ. ಗಣಿತಕ್ಕೆ ಅದು ಬೇಕಿಲ್ಲ. ವ್ರತಕ್ಕೆ ಬೇಕಾದದ್ದು ಆ ಸಣ್ಣ ಸಂಖ್ಯೆಯೇ.

14 ವರ್ಷ ತುಂಬಿದ ಮೇಲೆ ಉದ್ಯಾಪನೆ ಮಾಡಿ, ದಾನ ಕೊಟ್ಟು, ವ್ರತವನ್ನು ಮುಗಿಸಬಹುದು. ಮುಗಿಸಿದವರ ಮೇಲೆ ಯಾವ ದೋಷವೂ ಇಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಬಿಡುವುದಿಲ್ಲ. ತಂದೆಯ ನಂತರ ಮಗ ಹಿಡಿಯುತ್ತಾನೆ, ಅತ್ತೆಯ ನಂತರ ಸೊಸೆ ಈ ವ್ರತದಲ್ಲಿ ಕಲಶಕ್ಕೆ ಆವಾಹಿಸುವ ಯಮುನೆಯನ್ನು ಪೂಜಿಸುತ್ತಾಳೆ. ಇದು ಎಷ್ಟನೆಯ ವರ್ಷ ಎಂದು ಅಂಥವರನ್ನು ಕೇಳಿದರೆ ಒಮ್ಮೊಮ್ಮೆ ಜಗಳವೇ ಆಗುತ್ತದೆ. ಈ ಸಲದ ಚತುರ್ದಶಿ ಯಾವ ವಾರ ಬರುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರುವುದಿಲ್ಲ.