ಹಳೆಯ ಕ್ವಾಡ್ ಸ್ಪೀಕರ್ ಜೋಡಿಗೆ ಆಂಪ್ಲಿಫೈಯರ್ ಹುಡುಕಾಟ: ಇಲ್ಲಿಯವರೆಗಿನ ಕೆಲಸ

ಕೊನೆಗೂ ಸ್ಪೀಕರ್ ಜೋಡಿ ಮನೆಗೆ ಬಂದಿದೆ. ಕ್ವಾಡ್ ಬ್ರಾಂಡಿನ ಇಎಸ್‌ಎಲ್ (ಎಲೆಕ್ಟ್ರೊಸ್ಟ್ಯಾಟಿಕ್ ಲೌಡ್‌ಸ್ಪೀಕರ್), ಈಗ ಎಲ್ಲರೂ ‘57’ ಎಂದೇ ಕರೆಯುವ ಮಾದರಿ. ಇಂಗ್ಲೆಂಡಿನ ಹಂಟಿಂಗ್‌ಡನ್ ಪಟ್ಟಣದಲ್ಲಿ ಪೀಟರ್ ವಾಕರ್ ಅವರ ಕಾರ್ಖಾನೆ 1957ರಿಂದ 1985ರವರೆಗೆ ಇದನ್ನು ತಯಾರಿಸಿತು. ನಾನಿರುವ ಕೇಂಬ್ರಿಜ್‌ನಿಂದ ಆ ಊರು ದೂರವೇನಿಲ್ಲ. ಆದ್ದರಿಂದಲೋ ಏನೋ, ಈ ಭಾಗದ ಹಳೆಯ ಮನೆಗಳಲ್ಲಿ ಇಂಥ ಜೋಡಿಗಳು ಆಗಾಗ ಮಾರಾಟಕ್ಕೆ ಬರುತ್ತವೆ. ನೋಡುವುದಕ್ಕೆ ಕೋಣೆ ಬಿಸಿ ಮಾಡುವ ಹೀಟರ್‌ನಂತಿದೆ: ಮುಂದಕ್ಕೆ ತುಸು ಬಾಗಿದ ಲೋಹದ ಜಾಲರಿ, ಎರಡೂ ಬದಿಗೆ ಮರದ ಪಟ್ಟಿ, ಕೆಳಗೆ ಪುಟ್ಟ ಮರದ ಕಾಲುಗಳು.

ಇದರ ಒಳಗೆ ಕೋನ್ ಇಲ್ಲ, ಸುರುಳಿ ಇಲ್ಲ, ಆಯಸ್ಕಾಂತವೂ ಇಲ್ಲ. ರಂಧ್ರಗಳಿರುವ ಎರಡು ಫಲಕಗಳ ನಡುವೆ ಬಿಗಿದು ಕಟ್ಟಿದ ತೆಳು ಪ್ಲಾಸ್ಟಿಕ್ ಪೊರೆ, ಅಷ್ಟೆ. ಆ ಪೊರೆಗೆ ವಿದ್ಯುತ್ತನ್ನು ತುಂಬಿ ಇಟ್ಟಿರಬೇಕು. ಅದಕ್ಕಾಗಿಯೇ ಪ್ರತಿ ಸ್ಪೀಕರಿಗೂ ಗೋಡೆಯ ಪ್ಲಗ್ ಬೇಕು. ಒಳಗೆ ಇಂಥ ಮೂರು ಪ್ಯಾನಲ್ ಇವೆ: ಬದಿಯ ಎರಡು ಬಾಸ್ (ತಗ್ಗು ಸ್ವರದ) ಪ್ಯಾನಲ್‌ಗಳಿಗೆ ಸುಮಾರು 6000 ವೋಲ್ಟ್, ನಡುವಿನ ಟ್ರೆಬಲ್ (ಮೇಲಿನ ಸ್ವರದ) ಪ್ಯಾನಲ್‌ಗೆ ಸುಮಾರು 1500 ವೋಲ್ಟ್. ಆಂಪ್ಲಿಫೈಯರ್‌ನಿಂದ ಬಂದ ಸಂಗೀತದ ಸಿಗ್ನಲ್ ಒಳಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟಿಗೆ ಏರಿ ಎರಡು ಫಲಕಗಳನ್ನು ಸೇರುತ್ತದೆ. ಒಂದು ಫಲಕ ಪೊರೆಯನ್ನು ಎಳೆಯುವಾಗ ಇನ್ನೊಂದು ತಳ್ಳುತ್ತದೆ. ಪೊರೆಯ ತೂಕ ಎಷ್ಟು ಕಡಿಮೆಯೆಂದರೆ, ನುಡಿಸಿದ ಕೂಡಲೇ ಸ್ವರ ಹುಟ್ಟುತ್ತದೆ, ನಿಲ್ಲಿಸಿದ ಕೂಡಲೇ ನಿಲ್ಲುತ್ತದೆ.

ಇಷ್ಟೆಲ್ಲ ತಾಪತ್ರಯದ ಯಂತ್ರ ನನಗೇಕೆ ಬೇಕಿತ್ತು ಎಂದರೆ, ತಂಬೂರಿಗಾಗಿ. ಜವಾರಿ, ಅಂದರೆ ಕುದುರೆಯ ಮೇಲೆ ತಂತಿ ಕೂರುವ ಹದ, ಸರಿಯಾಗಿರುವ ತಂಬೂರಿಯ ತಂತಿ ಮೀಟಿದಾಗ ಮೂಲ ಸ್ವರದ ಮೇಲೆ ಉಪಸ್ವರಗಳು ಒಂದೊಂದಾಗಿ ಅರಳುತ್ತವೆ. ಸಾಮಾನ್ಯ ಸ್ಪೀಕರ್‌ಗಳಲ್ಲಿ ಅದು ಬಹುಮಟ್ಟಿಗೆ ಗುಂಯ್ ಎನ್ನುವ ಒಂದೇ ಮುದ್ದೆಯಾಗಿ ಕೇಳಿಸುತ್ತದೆ. ಹಲವು ವರ್ಷಗಳ ಹಿಂದೆ ಪರಿಚಯದವರ ಮನೆಯಲ್ಲಿ 57ರ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣವೊಂದನ್ನು ಕೇಳಿದ್ದೆ. ಅವರು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಹಿಂದಿನ ತಂಬೂರಿ ತನ್ನ ಪಾಡಿಗೆ ತಾನು ತಿರುಗುತ್ತಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅಂದಿನಿಂದ ಈ ಆಸೆ ಬಿಟ್ಟಿರಲಿಲ್ಲ.

1981ರಲ್ಲಿ ಬಂದ ಇಎಸ್‌ಎಲ್-63 ಕೊಳ್ಳಬಹುದಿತ್ತು. ಅದರಲ್ಲಿ ಉಂಗುರಾಕಾರದ ಫಲಕಗಳಿಗೆ ಸಿಗ್ನಲ್ ಒಂದರ ಹಿಂದೊಂದು ತುಸು ತಡವಾಗಿ ತಲುಪಿ, ಪೊರೆಯ ಹಿಂದಿನ ಒಂದೇ ಬಿಂದುವಿನಿಂದ ಧ್ವನಿ ಹರಡಿದಂತೆ ಆಗುತ್ತದೆ. ಅದ್ಭುತವಾದ ಆಲೋಚನೆ. ಮಿತಿಮೀರಿದ ಸಿಗ್ನಲ್ ಬಂದರೆ ತಡೆಯುವ ವ್ಯವಸ್ಥೆಯೂ ಅದರೊಳಗೇ ಇದೆ. ಆದರೆ ಹಳೆಯ 63ಗಳಲ್ಲಿ ಪ್ಯಾನಲ್‌ಗಳ ಅಂಟು ಬಿಡುವುದು ಸಾಮಾನ್ಯ, ಬಿಟ್ಟರೆ ದುರಸ್ತಿ ದೊಡ್ಡ ಕೆಲಸ. 57ರಲ್ಲಿ ಇರುವುದು ಮೂರೇ ಪ್ಯಾನಲ್. ಇಂಗ್ಲೆಂಡ್, ಜರ್ಮನಿಗಳಲ್ಲಿ ಅವನ್ನು ಹೊಸದಾಗಿ ಕಟ್ಟಿಕೊಡುವವರಿದ್ದಾರೆ. ಗಾಯನವೇ ಮುಖ್ಯವಾಗಿರುವ ನನ್ನಂಥವನಿಗೆ 57 ಸಾಕು.

ಕೊಳ್ಳುವ ಮುನ್ನ ನೋಡಿದ್ದು

ಮಾರುತ್ತಿದ್ದವರು ನಾರ್ಫೋಕ್‌ನ ಒಬ್ಬ ನಿವೃತ್ತರು. ಹಿಂದಿನ ದಿನವೇ ಎರಡನ್ನೂ ಪ್ಲಗ್‌ಗೆ ಹಾಕಿಡಿ ಎಂದು ಫೋನಿನಲ್ಲಿ ಕೇಳಿಕೊಂಡಿದ್ದೆ, ಅವರು ಬೇಸರವಿಲ್ಲದೆ ಹಾಗೇ ಮಾಡಿದ್ದರು. ಇದು ಮುಖ್ಯ. ವರ್ಷಗಟ್ಟಲೆ ಸುಮ್ಮನೆ ನಿಂತ ಪೊರೆ ಪೂರ್ತಿ ಆವೇಶ (ವಿದ್ಯುತ್ ಚಾರ್ಜ್) ಪಡೆಯುವುದಕ್ಕೆ ಗಂಟೆಗಳೇ ಬೇಕು. ಹೋದ ಹತ್ತೇ ನಿಮಿಷಕ್ಕೆ ಕೇಳಿ ತೀರ್ಮಾನಿಸಿದರೆ ಒಳ್ಳೆಯ ಜೋಡಿಯೂ ಸತ್ತಂತೆ ಕಾಣುತ್ತದೆ.

ಮೊದಲು ಸಂಗೀತವಿಲ್ಲದೆ ಕಿವಿ ಹತ್ತಿರ ಹಿಡಿದೆ. ಬಲಗಡೆಯದರಲ್ಲಿ ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುವ ಸದ್ದು. ಪರದೆ ಎಳೆದು ಕೋಣೆ ಕತ್ತಲು ಮಾಡಿಸಿ, ಕಣ್ಣು ಒಗ್ಗುವವರೆಗೆ ಕಾದು ಹಿಂಬದಿಯ ಜಾಲರಿಯ ಮೂಲಕ ನೋಡಿದಾಗ ಟ್ರೆಬಲ್ ಪ್ಯಾನಲ್‌ನ ಮೇಲಂಚಿನಲ್ಲಿ ಸೂಜಿಮೊನೆಯಷ್ಟು ನೀಲಿ ಕಿಡಿ ಟಿಕ್ ಎಂದಾಗಲೆಲ್ಲ ಹೊಳೆಯುತ್ತಿತ್ತು. ಯಾವಾಗಲೋ ಯಾರೋ ಜೋರಾಗಿ ಹಾಡಿಸಿ ಅಲ್ಲಿ ಪೊರೆ ಸುಟ್ಟಿರಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಒಂದೇ ಚಾನಲ್‌ನ ಮಾತಿನ ಧ್ವನಿಮುದ್ರಣವನ್ನು ಸರದಿಯಂತೆ ಕೇಳಿದೆ. ಎಡಗಡೆಯದು ತೆರೆದ ಧ್ವನಿ. ಬಲಗಡೆಯದರಲ್ಲಿ ಅದೇ ದನಿ, ಬಾಯಿಗೆ ಬಟ್ಟೆ ಅಡ್ಡ ಹಿಡಿದು ಮಾತಾಡಿದಂತೆ. ಬಾಸ್ ಎರಡರಲ್ಲೂ ಸಮನಾಗಿತ್ತು.

ಅಂದರೆ ಬಲಗಡೆಯ ಟ್ರೆಬಲ್ ಪ್ಯಾನಲ್ ಬದಲಿಸಲೇಬೇಕು, ಉಳಿದದ್ದು ಬದುಕಿದೆ. ಹಾಗೆಂದೇ ಅವರಿಗೆ ಹೇಳಿದೆ, ಕಿಡಿಯನ್ನೂ ತೋರಿಸಿದೆ. ಪ್ಯಾನಲ್‌ನ ಖರ್ಚು ಕಳೆದು ಬೆಲೆ ಒಪ್ಪಿಕೊಂಡರು. ಇಂಥ ವಸ್ತು ಕೊಳ್ಳುವಾಗ ದೋಷವಿಲ್ಲದ ಜೋಡಿಗಾಗಿ ಕಾದು ಕೂರುವುದಕ್ಕಿಂತ, ದೋಷ ಯಾವುದೆಂದು ನಿಖರವಾಗಿ ಗೊತ್ತಿರುವ ಜೋಡಿ ಮೇಲು ಎಂಬುದು ನನ್ನ ಅಭಿಪ್ರಾಯ. ಅರವತ್ತು ವರ್ಷ ಹಳೆಯ ಪೊರೆ ‘ಚೆನ್ನಾಗಿದೆ’ ಎಂಬ ಮಾತಿಗೆ ಹೆಚ್ಚು ಅರ್ಥವಿಲ್ಲ.

ಪ್ಯಾನಲ್ ಬಿಚ್ಚಿ, ಕಟ್ಟಿಸಿ, ಮತ್ತೆ ಕೂರಿಸಿದ ಕಥೆ ಉದ್ದ ಬೆಳೆಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ಪ್ಲಗ್ ತೆಗೆದ ಮೇಲೂ ಒಳಗೆ ಆವೇಶ ಬಹಳ ಹೊತ್ತು ಉಳಿಯುತ್ತದೆ. ಅದಕ್ಕಿಂತ ಅಪಾಯ, ಆಂಪ್ಲಿಫೈಯರ್ ನುಡಿಯುತ್ತಿರುವಾಗ ಟ್ರಾನ್ಸ್‌ಫಾರ್ಮರ್‌ನ ಸಿಗ್ನಲ್ ಹೊರಬರುವ ಬದಿಯಲ್ಲಿರುವ ವೋಲ್ಟೇಜ್. ಅದು ಪ್ರಾಣ ತೆಗೆಯಬಲ್ಲದು. ಗೋಡೆಯ ಪ್ಲಗ್‌ನ ತಂತಿ, ಆಂಪ್ಲಿಫೈಯರ್‌ನ ತಂತಿ ಎರಡನ್ನೂ ಕಳಚಿ, ಒಂದು ರಾತ್ರಿ ಬಿಟ್ಟು, ಆಮೇಲೆ ಜಾಲರಿ ಬಿಚ್ಚಬೇಕು. ಪೊರೆಯ ವೋಲ್ಟೇಜ್ ಅಳೆಯಲು ಮಾಮೂಲಿ ಮಲ್ಟಿಮೀಟರ್ ಪ್ರಯೋಜನವಿಲ್ಲ. ಆ ಸರ್ಕ್ಯೂಟ್ ಕೊಡುವ ಕರೆಂಟು ತೀರ ಅಲ್ಪ, ಮೀಟರ್ ತಾಗಿಸಿದ ಕೂಡಲೇ ವೋಲ್ಟೇಜ್ ಕುಸಿದು ಸುಳ್ಳು ಅಂಕಿ ತೋರಿಸುತ್ತದೆ.

ಆಂಪ್ಲಿಫೈಯರ್

ಹೆಚ್ಚು ತಲೆಕೆಡಿಸಿಕೊಂಡದ್ದು ಇಲ್ಲಿ. ಸ್ಪೀಕರ್‌ಗೆ ಆಂಪ್ಲಿಫೈಯರ್ ಆರಿಸುವಾಗ ನಾವೆಲ್ಲ ಮೊದಲು ಕೇಳುವುದು ಎಷ್ಟು ವಾಟ್ ಎಂದು. 57ರ ಮಟ್ಟಿಗೆ ಆ ಪ್ರಶ್ನೆಯನ್ನು ಪಕ್ಕಕ್ಕಿಡಬೇಕು. ಇಲ್ಲಿ ಕೇಳಬೇಕಾದದ್ದು ಎಷ್ಟು ವೋಲ್ಟ್ ಎಂದು.

ತಯಾರಕರು ಹಾಕಿದ ಗೆರೆ 33 ವೋಲ್ಟ್, ಅದೂ ಅಲೆಯ ತುತ್ತತುದಿಯಲ್ಲಿ. ಅದನ್ನು ದಾಟಿದರೆ ಫಲಕದಿಂದ ಪೊರೆಗೆ ಕಿಡಿ ಹಾರುತ್ತದೆ. ನಾನು ಕತ್ತಲಲ್ಲಿ ಕಂಡದ್ದು ಅಂಥದೊಂದು ಕಿಡಿ ಬಿಟ್ಟುಹೋದ ಗಾಯ. 8 ಓಮ್ ತಡೆಯ ಸ್ಪೀಕರ್‌ಗೆ 100 ವಾಟ್ ಕೊಡುವ ಆಂಪ್ಲಿಫೈಯರ್ ಅಲೆಯ ತುದಿಯಲ್ಲಿ 40 ವೋಲ್ಟ್ ಕೊಡುತ್ತದೆ. ಯಾರೋ ಕೈತಪ್ಪಿ ವಾಲ್ಯೂಮ್ ತಿರುಗಿಸಿದರೆ, ಫೋನ್ ಜೋಡಿಸುವಾಗ ತಂತಿ ಎಡವಟ್ಟಾಗಿ ತಾಗಿದರೆ, ಅಷ್ಟಕ್ಕೇ ಒಂದು ಪ್ಯಾನಲ್ ಹೋಯಿತು. 57ರೊಳಗೆ ಇದನ್ನು ತಡೆಯುವ ಸರ್ಕ್ಯೂಟ್ ಕಾರ್ಖಾನೆಯಿಂದ ಬರಲಿಲ್ಲ. ಕ್ವಾಡ್‌ನದೇ 405, 1975ರಲ್ಲಿ ಬಂದ 100 ವಾಟ್‌ನ ಹೆಸರಾಂತ ಆಂಪ್ಲಿಫೈಯರ್, 57ಕ್ಕೆ ಜೋಡಿಸಬೇಕಾದರೆ ಅದರೊಳಗೆ ವೋಲ್ಟೇಜ್ ಮಿತಿಗೊಳಿಸುವ ಪುಟ್ಟ ಬೋರ್ಡ್ ಹಾಕಿಸಬೇಕು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಫಲಕ, ಗಾಳಿ, ಪೊರೆ ಎಂದರೆ ಮೂಲತಃ ಒಂದು ದೊಡ್ಡ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಭಾಗ. ಸ್ವರ ಮೇಲೇರಿದಂತೆ ಅದರ ತಡೆ ಇಳಿಯುತ್ತ ಹೋಗುತ್ತದೆ. ಕಾಗದದ ಮೇಲೆ 57 ಎಂದರೆ 16 ಓಮ್. ಬಾಸ್‌ನಲ್ಲಿ ಅದು 30 ಓಮ್ ದಾಟುತ್ತದೆ, 18 ಕಿಲೋಹರ್ಟ್ಸ್‌ನ ಹತ್ತಿರ 2 ಓಮ್‌ಗಿಂತ ಕೆಳಗಿಳಿಯುತ್ತದೆ. ಇಂಥ ಹೊರೆಗೆ ಕೆಲವು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳು ಕಂಗೆಟ್ಟು, ಕಿವಿಗೆ ಕೇಳದ ಎತ್ತರದಲ್ಲಿ ತಾವೇ ಕಂಪಿಸತೊಡಗುತ್ತವೆ. ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್‌ನ ಪಾಲನ್ನು ಒಳಕ್ಕೆ ತಿರುಗಿಸಿ ತಪ್ಪು ತಿದ್ದುವ ಏರ್ಪಾಟು) ಇಲ್ಲದ ಒಂಟಿ ವಾಲ್ವ್‌ನ (ಗಾಜಿನ ನಿರ್ವಾತ ನಳಿಕೆಯ) ಆಂಪ್ಲಿಫೈಯರ್‌ಗಳದು ಇನ್ನೊಂದು ಬಗೆ: ಅವುಗಳ ಒಳತಡೆ ಹೆಚ್ಚಿರುವುದರಿಂದ ಮೇಲಿನ ಸ್ವರಗಳು ಸೊರಗುತ್ತವೆ. ನನ್ನ ಬಳಿ ಇದ್ದ, ಸ್ವಿಚ್‌ನಂತೆ ಆನ್-ಆಫ್ ಆಗುತ್ತ ದುಡಿಯುವ ಡಿ ಕ್ಲಾಸ್ ಆಂಪ್ಲಿಫೈಯರನ್ನು ಇವುಗಳ ಹತ್ತಿರವೂ ಸುಳಿಯಗೊಡಲಿಲ್ಲ. ಅದರ ಹೊರದಾರಿಯ ಫಿಲ್ಟರ್ ಸಾಧಾರಣ ಸ್ಪೀಕರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಕೆಪಾಸಿಟರ್‌ನ ಮುಂದೆ ಅದು ಹೇಗೆ ವರ್ತಿಸೀತು ಎಂದು ಪರೀಕ್ಷಿಸಲು ಹೊಸ ಪ್ಯಾನಲನ್ನು ಪಣಕ್ಕಿಡುವ ಮನಸ್ಸಾಗಲಿಲ್ಲ.

ಉಳಿದದ್ದು ಎರಡು ದಾರಿ. ಎರಡೂ ಹಂಟಿಂಗ್‌ಡನ್‌ನವೇ.

ಮೊದಲನೆಯದು ಕ್ವಾಡ್ II, 1953ರ ವಾಲ್ವ್ ಆಂಪ್ಲಿಫೈಯರ್. ಕೆಟಿ66 ವಾಲ್ವ್‌ಗಳ ಜೋಡಿಯಿಂದ 15 ವಾಟ್. ಒಂದು ಚಾನಲ್‌ಗೆ ಒಂದರಂತೆ ಎರಡು ಬೇಕು. ಇಲ್ಲಿನ ಕನ್ನಡ ಬಳಗದ ಹಿರಿಯರೊಬ್ಬರು ತಮ್ಮ ಜೋಡಿಯನ್ನು ಕಾರಿನಲ್ಲಿ ತಂದು ಒಂದು ವಾರ ನನ್ನಲ್ಲೇ ಬಿಟ್ಟುಹೋದರು. ಬೆಂಗಳೂರಿನಲ್ಲಿದ್ದಾಗ ವಾಲ್ವ್ ರೇಡಿಯೋ ಬಿಚ್ಚಿ ಕಲಿತವರು ಅವರು. ‘ನಿಧಾನವಾಗಿ ಕೇಳಿ, ಅವಸರವೇನಿಲ್ಲ. ಆದರೆ ಮೃದಂಗ ಕೇಳದೆ ತೀರ್ಮಾನ ಮಾಡಬೇಡಿ’ ಎಂದರು. ಆ ಮಾತು ಉಪಕಾರಕ್ಕೆ ಬಂತು. ಗಾಯನದಲ್ಲಿ, ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಕ್ವಾಡ್ II ತುಂಬ ಹಿತವಾಗಿತ್ತು. ಬೆರಳು ಮೆಟ್ಟಿಲ ಮೇಲೆ ತಂತಿಯನ್ನು ಎಳೆದಾಗ ಸ್ವರ ಜಾರಿ ಏರುವುದು, ಏರಿ ಒಂದು ಕ್ಷಣ ನಡುಗಿ ನೆಲೆಯಾಗುವುದು ಎಲ್ಲ ಕಣ್ಣಿಗೆ ಕಟ್ಟುವಂತೆ. ತನಿ ಆವರ್ತನ (ಮೃದಂಗ ಒಂಟಿಯಾಗಿ ನುಡಿಯುವ ಭಾಗ) ಬಂದಾಗ ಮಾತ್ರ ಎಡದ ಮುಚ್ಚಳಿಕೆಯ ಗುಮ್ಕಿ (ಜಾರುವ ತಗ್ಗು ನಾದ) ಮಂಕಾಯಿತು. ತುಸು ಜೋರು ಮಾಡಿದರೆ ಪೆಟ್ಟುಗಳ ಅಂಚು ಮೊಂಡಾಗುತ್ತಿತ್ತು.

ಎರಡನೆಯದು ಕ್ವಾಡ್ 303, 1967ರ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, 8 ಓಮ್‌ಗೆ 45 ವಾಟ್. ಇದನ್ನೇ ಕೊಂಡೆ. ಇದರ ವಿನ್ಯಾಸದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಅಂಶವಿದೆ. ಇದರ ವಿದ್ಯುತ್ ಪೂರೈಕೆ ನಿಯಂತ್ರಿತವಾದದ್ದು, ಕಟ್ಟುನಿಟ್ಟಾಗಿ 67 ವೋಲ್ಟ್. ಸಿಗ್ನಲ್ ಅದರ ನಟ್ಟನಡುವೆ ನಿಂತು ಮೇಲಕ್ಕೂ ಕೆಳಕ್ಕೂ ಓಲಾಡುತ್ತದೆ. ಅಂದಮೇಲೆ ಯಾವ ಕಡೆಗೂ 33 ವೋಲ್ಟಿನ ಆಸುಪಾಸನ್ನು ಮೀರಿ ಅದು ಹೋಗಲಾರದು. ಮೇಲೆ ಹೇಳಿದ ಗೆರೆಯೂ 33. ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಇದು ಪೊರೆಯನ್ನು ಸುಡುವ ಸಂಭವ ತೀರ ಕಡಿಮೆ. ಸಾಲದ್ದಕ್ಕೆ, ಹೊರದಾರಿಯಲ್ಲಿ 2000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದೆ. ಟ್ರಾನ್ಸಿಸ್ಟರ್ ಕೆಟ್ಟು ಒಳಗಿನ ಡಿಸಿ (ಏಕಮುಖ) ವೋಲ್ಟೇಜ್ ನುಗ್ಗಿದರೂ ಅದು ಸ್ಪೀಕರ್‌ನ ಟ್ರಾನ್ಸ್‌ಫಾರ್ಮರ್‌ವರೆಗೆ ತಲುಪುವುದಿಲ್ಲ. ಆ ಕೆಪಾಸಿಟರ್ ಬಾಸ್ ನುಂಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. 57ರ ಬಾಸ್ ತಡೆ 16 ಓಮ್‌ಗಿಂತ ಮೇಲಿರುವುದರಿಂದ ಲೆಕ್ಕ ಹಾಕಿದರೆ ಅದು ಕತ್ತರಿಸುವುದು 5 ಹರ್ಟ್ಸ್‌ನ ಕೆಳಗೆ. ಅಲ್ಲಿ 57ಕ್ಕೆ ದನಿಯೇ ಇಲ್ಲ.

ನನಗೆ ಸಿಕ್ಕ 303ಕ್ಕೆ ಹಳೆಯ ಕೆಪಾಸಿಟರ್‌ಗಳೇ ಇದ್ದವು. ಎಲ್ಲ ಎಲೆಕ್ಟ್ರೊಲಿಟಿಕ್‌ಗಳನ್ನೂ ಬದಲಿಸಿದೆ. ಮೊದಲ ಬಾರಿಗೆ ಕರೆಂಟು ಕೊಡುವಾಗ ನಮ್ಮೂರಿನ ರೇಡಿಯೋ ರಿಪೇರಿ ಅಂಗಡಿಗಳ ಪದ್ಧತಿಯಂತೆ ದೋಷವಿದ್ದರೆ ಕರೆಂಟನ್ನು ತಡೆಯಲೆಂದು ಸರಣಿಯಲ್ಲಿ ಒಂದು ಬಲ್ಬ್ ಜೋಡಿಸಿಕೊಂಡೆ. ಬಲ್ಬ್ ಒಮ್ಮೆ ಬೆಳಗಿ, ಕೆಪಾಸಿಟರ್‌ಗಳು ತುಂಬುತ್ತಿದ್ದಂತೆ ಮಂಕಾಗಿ, ಕೆಂಪು ಎಳೆಯಷ್ಟೇ ಉಳಿಯಿತು. ಆಮೇಲೆ ಬಲ್ಬ್ ತೆಗೆದು, ಪೂರೈಕೆಯ ಬೋರ್ಡ್‌ನ ಪುಟ್ಟ ತಿರುಪನ್ನು ತಿರುಗಿಸಿ 67 ವೋಲ್ಟಿಗೆ ನಿಲ್ಲಿಸಿ, ಎರಡೂ ಚಾನಲ್‌ಗಳ ನಡುಬಿಂದುವನ್ನು ಸರಿಮಾಡಿದೆ. ಸಾಮಾನ್ಯ ಸ್ಪೀಕರ್‌ಗೆ ಈ ತಿರುಪು ಒಂದೆರಡು ವೋಲ್ಟ್ ಅತ್ತಿತ್ತ ಆದರೂ ನಡೆಯುತ್ತದೆ, 57 ಜೋಡಿಸುವವರು ಮಾತ್ರ ಇದನ್ನು ಮೀಟರ್ ಹಿಡಿದೇ ಹೊಂದಿಸಬೇಕು.

ಇನ್ನೊಂದು ವಿಷಯ 303 ಕೊಳ್ಳುವವರಿಗೆ. ಇದು ಅರ್ಧ ವೋಲ್ಟ್ ಸಿಗ್ನಲ್‌ಗೇ ಪೂರ್ತಿ ಶಕ್ತಿ ಕೊಡುತ್ತದೆ. ಈಗಿನ ಸಿಡಿ ಪ್ಲೇಯರ್‌ಗಳು ಕಳಿಸುವುದು 2 ವೋಲ್ಟ್. ಅದನ್ನು ತಗ್ಗಿಸದೆ ಕೊಟ್ಟರೆ ವಾಲ್ಯೂಮ್ ಗುಂಡಿಯ ಮೊದಲ ಅಂಗುಲದಲ್ಲೇ ಎಲ್ಲ ಮುಗಿದುಹೋಗುತ್ತದೆ. ಸಿಗ್ನಲ್ ಒಳಹೋಗುವ ಡಿನ್ ಪ್ಲಗ್‌ನ ಹತ್ತಿರವೇ ಎರಡೆರಡು ರೆಸಿಸ್ಟರ್ ಹಾಕಿ ಸಿಗ್ನಲನ್ನು ಕಾಲುಭಾಗಕ್ಕೆ ಇಳಿಸಿದ್ದೇನೆ.

ಈಗಿನ ಸ್ಥಿತಿ

ಹೊಸ ಟ್ರೆಬಲ್ ಪ್ಯಾನಲ್ ಕೂತಿದೆ, 303 ಜೋಡಿಸಿದೆ, ಕತ್ತಲಲ್ಲಿ ಈಗ ಯಾವ ಕಿಡಿಯೂ ಇಲ್ಲ. ಈ ಸ್ಪೀಕರ್‌ಗಳು ಹಿಂದಕ್ಕೂ ಮುಂದಿನಷ್ಟೇ ದನಿ ಹೊಮ್ಮಿಸುವುದರಿಂದ ಗೋಡೆಯಿಂದ ಒಂದೂವರೆ ಮೀಟರ್ ಮುಂದೆ ತಂದು ನಿಲ್ಲಿಸಿದ್ದೇನೆ. ಕೋಣೆಯ ಕಾಲುಭಾಗ ಅದಕ್ಕೇ ಹೋಯಿತು, ಮನೆಯವರು ಒಪ್ಪಿದ್ದಾರೆ. ಮೃದಂಗದ ಎಡಗೈ ಕ್ವಾಡ್ II ಜೊತೆಗಿದ್ದದ್ದಕ್ಕಿಂತ ಬಿಗಿಯಾಗಿದೆ. ವೀಣೆಯ ವಿಷಯದಲ್ಲಿ ವಾಲ್ವ್ ಜೋಡಿಯೇ ಒಂದು ಗುಲಗಂಜಿ ಮೇಲು ಎಂದು ಈಗಲೂ ಅನ್ನಿಸುತ್ತದೆ. ಆದರೆ ಕಛೇರಿಯನ್ನು ಪೂರ್ತಿಯಾಗಿ ಕೇಳುವವನಿಗೆ 303 ಸರಿ. ತಂಬೂರಿ ನಾನು ಬಯಸಿದಂತೆಯೇ ಇದೆ: ಪಂಚಮ, ಸಾರಣೆ, ಅನುಸಾರಣೆ, ಮಂದ್ರ ಒಂದೊಂದೂ ಬೇರೆಬೇರೆ, ಎಲ್ಲ ಕೂಡಿದಾಗ ಮೇಲೆ ಗಾಂಧಾರ ತಾನಾಗಿ ಮೂಡುತ್ತದೆ.

ಉಳಿದ ಕೆಲಸ: ಕಾಲುಗಳ ಕೆಳಗೆ ಮರದ ಪೀಠ ಮಾಡಿಸಿ ಸ್ಪೀಕರನ್ನು ಎತ್ತರಿಸಬೇಕು, ಈಗ ಕೂತು ಕೇಳುವಾಗ ಸರಿ, ಎದ್ದು ನಿಂತರೆ ಮೇಲಿನ ಸ್ವರಗಳು ಮಾಯವಾಗುತ್ತವೆ. ಎಡಗಡೆಯ ಸ್ಪೀಕರ್ ಮಳೆ ಹಿಡಿದ ದಿನಗಳಲ್ಲಿ ತುಸು ಮೆತ್ತಗಾಗುತ್ತದೆ, ತೇವಕ್ಕೆ ಎಲ್ಲೋ ಆವೇಶ ಸೋರುತ್ತಿದೆ. ಪೊರೆಗೆ ವೋಲ್ಟೇಜ್ ಒದಗಿಸುವ ಅದರ ಹೈವೋಲ್ಟೇಜ್ ಬ್ಲಾಕ್ ಅಳೆಯಲು ತಕ್ಕ ಪ್ರೋಬ್ ತರಿಸಿದ್ದೇನೆ. ಅದು ಬಂದ ಮೇಲೆ ಎರಡೂ ಕಡೆಯ ಅಂಕಿಗಳನ್ನು ಇಲ್ಲಿ ಬರೆಯುತ್ತೇನೆ.