ಗುಂಡು ಹಾರದ ರಸ್ತೆ: ಲಿಸ್ಬನ್ನಿನಲ್ಲಿ ಒಂದು ಕಿಲೋಮೀಟರು

ಲಿಸ್ಬನ್ನಿಗೆ ಹೋದವರು ತೇಜು ನದಿಯ ದಂಡೆಯ ರಿಬೇಯ್ರಾ ದಾಸ್ ನಾವುಸ್ ರಸ್ತೆಯಲ್ಲಿ ಸಂಜೆ ಕೂತು ನೀರು ನೋಡಿ ಎದ್ದು ಬರುತ್ತಾರೆ. ಪೋರ್ಚುಗಲ್ಲಿನ 48 ವರ್ಷದ ಸರ್ವಾಧಿಕಾರ ಮುರಿದದ್ದು ಇಲ್ಲೇ ಎಂದು ಹೇಳುವವರು ಕಡಿಮೆ.

1974ರ ಏಪ್ರಿಲ್ 25. ನಡುರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ ರೇಡಿಯೋದಲ್ಲಿ ಬಂದ ಒಂದು ಹಾಡೇ ಸರ್ಕಾರದ ವಿರುದ್ಧ ದಂಗೆಗೆ ಸಿದ್ಧರಾಗಿದ್ದ ಸೈನಿಕರಿಗೆ ಸೂಚನೆ. ಸಾಂತಾರೆಂ ಊರಿನ ಅಶ್ವದಳ ಶಾಲೆಯಲ್ಲಿ ಕ್ಯಾಪ್ಟನ್ ಸಾಲ್ಗೇಯ್ರು ಮಾಯಾ ತನ್ನವರನ್ನು ಸಾಲಾಗಿ ನಿಲ್ಲಿಸಿದ. ವಯಸ್ಸು 29. ಪೋರ್ಚುಗೀಸಿನಲ್ಲಿ 'ಎಸ್ತಾದು' ಎಂದರೆ ರಾಜ್ಯವೂ ಹೌದು, ಸ್ಥಿತಿಯೂ ಹೌದು. ಎಸ್ತಾದುಗಳಲ್ಲಿ ಹಲವು ಬಗೆ, ಅದರಲ್ಲಿ ನಾವು ಬಂದು ಮುಟ್ಟಿರುವ ಈ ಎಸ್ತಾದುವೂ ಒಂದು, ಈ ರಾತ್ರಿ ಅದನ್ನು ಮುಗಿಸೋಣ, ಬರುವವರು ಬನ್ನಿ, ಬಾರದವರು ಇಲ್ಲೇ ಇರಿ ಎಂಬ ಅರ್ಥದ ಮಾತಾಡಿದ. ಸುಮಾರು 240 ಜನ ಹೊರಟರು. ಬೆಳಗಾಗುವಷ್ಟರಲ್ಲಿ ಲಿಸ್ಬನ್ನಿನ ತೆರೇಯ್ರು ದು ಪಾಸು ಚೌಕ ಅವರ ಕೈಯಲ್ಲಿತ್ತು.

ಆ ಚೌಕದಿಂದ ಪಶ್ಚಿಮಕ್ಕೆ ನಡೆದರೆ ನದಿಯ ಪಕ್ಕದ್ದು ರಿಬೇಯ್ರಾ ರಸ್ತೆ, ಒಳಗಿನದ್ದು ಆರ್ಸೆನಾಲ್ ಬೀದಿ. ಸರ್ಕಾರಕ್ಕೆ ನಿಷ್ಠನಾಗಿದ್ದ ಬ್ರಿಗೇಡಿಯರ್ ಒಬ್ಬ ಎಂ-47 ಟ್ಯಾಂಕುಗಳೊಂದಿಗೆ ಬಂದದ್ದು ಈ ಕಡೆಯಿಂದ. ಮಾಯಾ ಕೈಯಲ್ಲಿ ಬಿಳಿ ಕರವಸ್ತ್ರ, ಜೇಬಿನಲ್ಲೊಂದು ಗ್ರೆನೇಡ್ ಇಟ್ಟುಕೊಂಡು ಎದುರಿಗೆ ನಡೆದ. ಗುಂಡು ಹಾರಿಸು ಎಂದು ಬ್ರಿಗೇಡಿಯರ್ ತನ್ನ ಕಿರಿಯ ಅಧಿಕಾರಿಯೊಬ್ಬನಿಗೆ ಹೇಳಿದ. ಆತ ಒಪ್ಪಲಿಲ್ಲ, ಬಂಧಿಸಿದರು. ಟ್ಯಾಂಕಿನೊಳಗಿದ್ದ ಜೋಸೆ ಆಲ್ವೆಸ್ ಕೋಸ್ಟಾ ಎಂಬ ಸಾಮಾನ್ಯ ಕಾರ್ಪೊರಲ್‌ಗೆ ಅದೇ ಆಜ್ಞೆಯಾಯಿತು. ಅವನು ಒಳಗಿನಿಂದ ಮುಚ್ಚಳ ಹಾಕಿಕೊಂಡು ಸುಮ್ಮನೆ ಕೂತುಬಿಟ್ಟ. ಒಂದೇ ಒಂದು ಗುಂಡು ಹಾರಿದ್ದರೆ ಆ ದಿನ ಬೇರೆಯೇ ದಿನವಾಗುತ್ತಿತ್ತು. ಈ ನಗರದಲ್ಲಿ ಕೈಮುಗಿಯಬೇಕಾದ ಜಾಗ ಯಾವುದೆಂದರೆ ಇದು.

ಇದೇ ಚೌಕದ ವಾಯವ್ಯ ಮೂಲೆಯಲ್ಲಿ 1908ರ ಫೆಬ್ರುವರಿ 1ರಂದು ದೊರೆ ಕಾರ್ಲುಸ್‌ನನ್ನೂ ಯುವರಾಜನನ್ನೂ ಕೊಂದರು. ಅಲ್ಲಿಂದ ಎರಡು ನಿಮಿಷ ನಡೆದರೆ ನಗರಸಭೆ; 1910ರ ಅಕ್ಟೋಬರ್ 5ರಂದು ಗಣರಾಜ್ಯ ಘೋಷಣೆಯಾದದ್ದು ಅದರ ಮಹಡಿಯಿಂದ. ಆ ಗಣರಾಜ್ಯ ಹದಿನಾರೇ ವರ್ಷಕ್ಕೆ, ನಲವತ್ತಕ್ಕೂ ಹೆಚ್ಚು ಸರ್ಕಾರಗಳನ್ನು ಕಂಡು, 1926ರ ಸೇನಾ ದಂಗೆಯಲ್ಲಿ ಮುಗಿಯಿತು. ಆಮೇಲೆ ಸರ್ವಾಧಿಕಾರಿ ಸಲಾಜಾರ್.

1974ರ ಆ ದಿನದ ಕಥೆ ಮುಗಿದದ್ದು ಗುಡ್ಡದ ಮೇಲಿನ ಕಾರ್ಮು ಚೌಕದಲ್ಲಿ. ಅಲ್ಲಿಗೆ ಹೋಗಲು ಸಾಂತಾ ಜುಸ್ತಾ ಲಿಫ್ಟಿನ ಸಾಲಿನಲ್ಲಿ ನಿಂತು ಹೊತ್ತು ಕಳೆಯಬೇಡಿ. ಬಾಯ್ಷಾ-ಶಿಯಾದು ಮೆಟ್ರೋ ನಿಲ್ದಾಣದಲ್ಲಿ ಶಿಯಾದು ಕಡೆಯ ಎಸ್ಕಲೇಟರ್ ಹಿಡಿದರೆ ಏರು ಅದರಲ್ಲೇ ಮುಗಿಯುತ್ತದೆ, ಮುಂದೆ ಐದು ನಿಮಿಷದ ನಡಿಗೆ. ಮಳೆ ಬಿದ್ದರೆ ಇಲ್ಲಿನ ನುಣುಪು ಸುಣ್ಣಕಲ್ಲಿನ ನೆಲ ವಿಪರೀತ ಜಾರುತ್ತದೆ. ರಬ್ಬರ್ ಅಡಿಯ ಬೂಟು ಬೇಕೇ ಬೇಕು.

ಆ ದಿನ ಪ್ರಧಾನಿ ಮಾರ್ಸೆಲು ಕಾಯ್ತಾನು ಅಡಗಿದ್ದ ಗಾರ್ಡುಗಳ ಠಾಣೆ ಚೌಕದಲ್ಲೇ ಇದೆ. ಮಧ್ಯಾಹ್ನ ಮಾಯಾನ ಸೈನಿಕರು ಅದರ ಗೋಡೆಗೆ ಗುಂಡು ಹಾರಿಸಿದರು. ಆಮೇಲೆ ಮಾಯಾ ಒಬ್ಬನೇ ಒಳಗೆ ಹೋದ. ಕಾಯ್ತಾನು ಕೇಳಿಕೊಂಡದ್ದು ಒಂದೇ: ಅಧಿಕಾರವನ್ನು ಒಬ್ಬ ಜನರಲ್ ಬಂದು ವಹಿಸಿಕೊಳ್ಳಲಿ, ಅದು ಬೀದಿಗೆ ಬೀಳಬಾರದು. ಹೊರಗೆ ಆ ಬೀದಿ ತುಂಬಿ ತುಳುಕುತ್ತಿತ್ತು. ಜನ ಮರ ಹತ್ತಿದ್ದರು, ಬಂದೂಕಿನ ನಳಿಗೆಗಳಲ್ಲಿ ಕೆಂಪು ಕಾರ್ನೇಶನ್ ಹೂಗಳಿದ್ದವು. ಮಾಯಾ ತಾನೇ ಅಧಿಕಾರ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಜನರಲ್ ಸ್ಪಿನೋಲಾ ಬಂದ. ಸಂಜೆ ಏಳೂವರೆಯ ಹೊತ್ತಿಗೆ ಕಾಯ್ತಾನುವನ್ನು ಕವಚವಾಹನದಲ್ಲಿ ಸುರಕ್ಷಿತವಾಗಿ ಸಾಗಿಸಿದರು. ಸರಿಯಾಗಿ ಒಂದು ವರ್ಷಕ್ಕೆ, 1975ರ ಏಪ್ರಿಲ್ 25ರಂದು, ಸಂವಿಧಾನ ಸಭೆಗೆ ಚುನಾವಣೆಯಾಯಿತು; ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮತದಾರರು ಮತ ಹಾಕಿದರು.

ಸರ್ವಾಧಿಕಾರದ ಕಾಲದಲ್ಲಿ ರಾಜಕೀಯ ಕೈದಿಗಳನ್ನು ಕೂಡಿಡುತ್ತಿದ್ದ, ಕೆಥೆಡ್ರಲ್ ಪಕ್ಕದ ಅಲ್ಜೂಬೆ ಸೆರೆಮನೆ ಈಗ ಮ್ಯೂಸಿಯಂ. ಸೋಮವಾರ ಬಾಗಿಲು ಮುಚ್ಚಿರುತ್ತದೆ; ಒಂದೇ ದಿನ ಕೈಯಲ್ಲಿಟ್ಟುಕೊಂಡು ಬಂದವರಿಗೆ ಇದು ಹೊಟ್ಟೆ ಉರಿಸುವ ಸಂಗತಿ, ಮೊದಲೇ ನೋಡಿಕೊಳ್ಳಿ. ಒಳಗಿನ ಒಂಟಿಕೋಣೆಗಳಿಗೆ ಕೈದಿಗಳು ಕೊಟ್ಟ ಹೆಸರು 'ಕುರ್ರುಸ್', ಅಂದರೆ ಗೂಳಿ ಕಟ್ಟುವ ದೊಡ್ಡಿ. ಅಗಲ ಸುಮಾರು ಒಂದು ಮೀಟರ್, ಉದ್ದ ಎರಡು. ಮಲಗುವ ಹಲಗೆ ಇಳಿಸಿದರೆ ನಿಲ್ಲಲು ಜಾಗವಿಲ್ಲ.

ನಮ್ಮ ಕಡೆಯ ಎಳೆಯೂ ಇಲ್ಲಿದೆ. ಕಾರವಾರದ ಎದುರಿನ ಅಂಜುದೀವ ದ್ವೀಪ 1961ರ ಡಿಸೆಂಬರ್‌ವರೆಗೆ ಇದೇ ಲಿಸ್ಬನ್ನಿನ ಆಳ್ವಿಕೆಯಲ್ಲಿತ್ತು. ಗೋವಾದ ಹೋರಾಟಗಾರ ತ್ರಿಸ್ತಾಂವ್ ಬ್ರಗಾಂಸಾ ಕುನ್ಹಾ ಅವರನ್ನು ಕೂಡಿಟ್ಟದ್ದು ಇಲ್ಲಿಂದ ಉತ್ತರಕ್ಕೆ, ಕಡಲಂಚಿನ ಪೆನಿಶೆ ಕೋಟೆಯಲ್ಲಿ. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದು ಕ್ರಾಂತಿ ನಡೆದ ವರ್ಷದ ಕಡೆಯ ದಿನ, 1974ರ ಡಿಸೆಂಬರ್ 31ರಂದು.

ಕೊನೆಯದಾಗಿ ಶಿಯಾದು ದಾಟಿ ಆಂತೋನಿಯು ಮರಿಯಾ ಕಾರ್ದೋಜು ಬೀದಿಗೆ ಬನ್ನಿ. ಗುಪ್ತ ಪೊಲೀಸರ ಕೇಂದ್ರ ಇಲ್ಲಿತ್ತು. 1974ರ ಏಪ್ರಿಲ್ 25ರ ಸಂಜೆ ಒಳಗಿನಿಂದ ಜನರ ಮೇಲೆ ಗುಂಡು ಹಾರಿಸಿದರು, ನಾಲ್ವರು ಸತ್ತರು. ಈಗ ಆ ಕಟ್ಟಡದಲ್ಲಿ ಐಷಾರಾಮಿ ಫ್ಲಾಟುಗಳಿವೆ. ಇದು ಮ್ಯೂಸಿಯಂ ಆಗಬೇಕಿತ್ತು, ಫ್ಲಾಟಾದದ್ದು ಅನ್ಯಾಯ. ಉಳಿದಿರುವುದು ಗೋಡೆಯ ಮೇಲೆ ನಾಲ್ಕು ಹೆಸರಿನ ಒಂದು ಫಲಕ. 28ನೇ ನಂಬರಿನ ಟ್ರಾಮು ಈ ಬೀದಿಯಲ್ಲೇ ಹಾದುಹೋಗುತ್ತದೆ, ಆದರೆ ಒಳಗೆ ಕೂತವರಿಗೆ ಆ ಅಕ್ಷರ ಓದಲಾಗುವುದಿಲ್ಲ. ನಡೆದೇ ಬನ್ನಿ.